ಪೇಪರ್ ನಿಲ್ಲಿಸಿದ ಸೊಸೆಗೆ

ಸಿಂಧನೂರು

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದ.

ಗಾಜಾ ಸುದ್ದಿಯಲ್ಲಿ ಪಕ್ಷಪಾತ ಜಾಸ್ತಿಯಾಯಿತು ಅಂತ ರೂಮಿಗೆ ಬರುವ ಪೇಪರ್ ನಿಲ್ಲಿಸಿದೆಯಂತೆ. ನಿಮ್ಮವ್ವ ಹೇಳಿದಳು. ಸಿಟ್ಟು ಬಂದದ್ದು ತಪ್ಪಲ್ಲ. ಆದರೆ ಈಗ ಬರೀ ಮೊಬೈಲಿನ ವಿಡಿಯೋ ನೋಡುತ್ತೀಯಲ್ಲ, ಅಲ್ಲಿ ಪಕ್ಷಪಾತ ಇಲ್ಲ ಅಂತ ಯಾರು ಹೇಳಿದರು?

ನಮ್ಮ ಆರ್.ಎಚ್. ಕ್ಯಾಂಪಿನ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ, ಬಂಗಾಳಿಗಳನ್ನು ನೀನು ನೋಡಿದ್ದೀಯ. ಅವರು ಬಿಟ್ಟು ಬಂದ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, 1971ರ ಮಾರ್ಚಿನಿಂದ ಪಾಕಿಸ್ತಾನದ ಸೈನ್ಯ ಜನರನ್ನು ಕೊಲ್ಲುತ್ತಿತ್ತು. ವಿದೇಶಿ ವರದಿಗಾರರನ್ನು ಢಾಕಾದಿಂದ ಓಡಿಸಿದ್ದರು. ಏಪ್ರಿಲ್‌ನಲ್ಲಿ ಸೈನ್ಯವೇ ಪಾಕಿಸ್ತಾನದ 8 ಪತ್ರಕರ್ತರನ್ನು ಕರೆದೊಯ್ದು ಸುತ್ತಾಡಿಸಿತು. 7 ಜನ ಹೇಳಿದಂತೆ ಬರೆದುಕೊಟ್ಟರು. ಇನ್ನೊಬ್ಬರು ಆಂಥೋನಿ ಮಸ್ಕರೇನ್ಹಸ್. ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಕೆಲಸ ಕರಾಚಿಯಲ್ಲಿ. ಕಂಡದ್ದನ್ನು ಅಲ್ಲಿ ಬರೆಯುವಂತಿರಲಿಲ್ಲ. ಲಂಡನ್‌ನಲ್ಲಿರುವ ಸಹೋದರಿಗೆ ಹುಷಾರಿಲ್ಲ ಅಂತ ನೆವ ಹೇಳಿ ಹೋಗಿ ಅಲ್ಲಿನ ಸಂಡೇ ಟೈಮ್ಸ್ ಪೇಪರಿನ ಸಂಪಾದಕರನ್ನು ಕಂಡರು. ವಾಪಸ್ ಬಂದು ಹೆಂಡತಿ ಮಕ್ಕಳನ್ನು ಮೊದಲು ಹೊರಗೆ ಕಳಿಸಿದರು. ಆಮೇಲೆ ತಾವು ಅಫ್ಘಾನಿಸ್ತಾನದ ಗಡಿ ದಾಟಿದರು. ಜೂನ್ 13ಕ್ಕೆ ಅವರ ವರದಿ ಅಚ್ಚಾಯಿತು, ಜಗತ್ತು ಬೆಚ್ಚಿತು. ಆ 7 ಜನ ಬರೆದದ್ದೂ ಪೇಪರಿನಲ್ಲೇ, ಇವರು ಬರೆದದ್ದೂ ಪೇಪರಿನಲ್ಲೇ ಅಲ್ವಾ?

ಅದಕ್ಕೇ ಹೇಳುತ್ತೇನೆ, ಸುದ್ದಿ ಓದುವಾಗ ವರದಿಗಾರ ಎಲ್ಲಿ ನಿಂತಿದ್ದ, ಅವನನ್ನು ಅಲ್ಲಿಗೆ ಕರೆದೊಯ್ದವರು ಯಾರು ಅಂತ ಮೊದಲು ನೋಡು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಇಸ್ರೇಲ್ ವಿದೇಶಿ ಪತ್ರಕರ್ತರನ್ನು ಗಾಜಾದೊಳಗೆ ತಮ್ಮಷ್ಟಕ್ಕೆ ಓಡಾಡಲು ಬಿಡಲಿಲ್ಲ. ಸೈನ್ಯದ ಜೊತೆ ಹೋದವರು ಸೈನ್ಯ ತೋರಿಸಿದ್ದನ್ನು ನೋಡಿ ಬಂದರು. ಒಳಗಿನ ಸುದ್ದಿ ಕಳಿಸಿದ್ದು ಪ್ಯಾಲೆಸ್ತೀನಿ ಪತ್ರಕರ್ತರು. ತಮ್ಮ ಮನೆ ಮೇಲೇ ಬಾಂಬು ಬೀಳುವಾಗ ಕೆಲಸ ಮಾಡಿದರು, ಎಷ್ಟೋ ಜನ ಜೀವ ಕಳೆದುಕೊಂಡರು. ಹಮಾಸ್‌ಗೆ ಹಿಡಿಸದ್ದನ್ನು ಬರೆಯುವುದೂ ಅವರಿಗೆ ಸುಲಭವಲ್ಲ, ಇದನ್ನೂ ಮರೆಯಬೇಡ.

ನಮ್ಮ ಕನ್ನಡ ಪೇಪರಿನ ವಿದೇಶ ಪುಟ ಹೆಚ್ಚಾಗಿ ಏಜೆನ್ಸಿಗಳ, ಅಂದರೆ ಪೇಪರುಗಳಿಗೆ ಸುದ್ದಿ ಒದಗಿಸುವ ಸಂಸ್ಥೆಗಳ, ಸುದ್ದಿ. ಮೊದಲ ಸಾಲಿನಲ್ಲೇ ಊರಿನ ಹೆಸರಿರುತ್ತದೆ, ಪಕ್ಕದಲ್ಲಿ ಎಪಿ, ಎಎಫ್‌ಪಿ, ರಾಯಿಟರ್ಸ್ ಅಂತ ಇರುತ್ತದೆ. ಜೆರುಸಲೇಮೋ, ಕೈರೋನೋ, ಗಾಜಾನೋ ನೋಡು. ತಲೆಬರಹ ಕೊಡುವುದು, ಫೋಟೋ ಆರಿಸುವುದು, ಯಾವುದನ್ನು ಮೂಲೆಗೆ ಹಾಕಬೇಕು ಅನ್ನುವುದು ಮಾತ್ರ ಇಲ್ಲಿನವರ ಕೈಯಲ್ಲಿದೆ. ಬೈಯಬೇಕು ಅಂದರೆ ಅದಕ್ಕೆ ಬೈ, ಸಂಪಾದಕರಿಗೆ ಕಾಗದ ಬರೆ. ಸುಮ್ನೆ ಇಡೀ ಪೇಪರಿಗೆ ಬೆಂಕಿ ಹಚ್ಚಬೇಡ.

ದೊಡ್ಡ ಹೆಸರು ನೋಡಿ ನಂಬುವುದೂ ಬೇಡ. ಇರಾಕ್‌ನಲ್ಲಿ ಭಯಂಕರ ಅಸ್ತ್ರಗಳಿವೆ ಅಂತ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಬರೆದಿತ್ತು. ನಾವು ಸರಿಯಾಗಿ ಪರೀಕ್ಷಿಸಲಿಲ್ಲ ಅಂತ 2004ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು, ಅದೂ 10ನೇ ಪುಟದಲ್ಲಿ! ಅಷ್ಟೊತ್ತಿಗೆ ಯುದ್ಧ ಶುರುವಾಗಿ ವರ್ಷ ದಾಟಿತ್ತು.

ನಾಳೆಯೇ ಏಜೆಂಟನಿಗೆ ಹೇಳಿ ಪೇಪರ್ ಮತ್ತೆ ಹಾಕಿಸು. ಅದಕ್ಕೆ ಉಲ್ಟಾ ಬರೆಯುವ ಇನ್ನೊಂದನ್ನೂ ಹಾಕಿಸು. ಎರಡರ ದುಡ್ಡೂ ನಾನು ಕಳಿಸುತ್ತೇನೆ, ನಿಮ್ಮಪ್ಪನಿಗೆ ಹೇಳಬೇಡ.

ಇಂತಿ,
ನಿನ್ನ ಮಾವ