ಪಾಲೆಂಬಾಂಗ್‌ನ ಮೂವತ್ತು ಕೊರಳುಗಳಿಗೆ ನಮ್ಮ ಋಣ

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಡೊನೇಷ್ಯದ ಸುಮಾತ್ರ ದ್ವೀಪದ ಪಾಲೆಂಬಾಂಗ್‌ನಲ್ಲಿದ್ದ ಜಪಾನಿ ಸೆರೆಶಿಬಿರದ ಮಹಿಳೆಯರು ಹಾಡಿದ ಕೆಲವು ಕೃತಿಗಳನ್ನು ನಮ್ಮ ಮಹಿಳಾ ವೃಂದ ಬೆಂಗಳೂರಿನಲ್ಲಿ ಹಾಡಿ ಮುಗಿಸಿದೆ. ಬಂದು ಕೇಳಿದವರಿಗೆಲ್ಲ ಧನ್ಯವಾದ. ಆದರೆ ಮೊದಲು ನೆನೆಯಬೇಕಾದವರು ಬೇರೆ ಇದ್ದಾರೆ. ಅವರು ಏನು ಮಾಡಿದರು ಎಂಬುದನ್ನು ಸರಿಯಾಗಿ ಹೇಳದೆ ಬರೀ ಕೈಮುಗಿದರೆ ಅದು ಅರ್ಧ ಕೃತಜ್ಞತೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿ ಸೈನ್ಯಕ್ಕೆ ಶರಣಾಯಿತು. ಅದಕ್ಕೆ ಸ್ವಲ್ಪ ಮೊದಲು ಹಡಗು ಹತ್ತಿ ಹೊರಟ ಎಷ್ಟೋ ಜನ ಸುಮಾತ್ರದ ಪಕ್ಕದ ಬಾಂಕಾ ಜಲಸಂಧಿಯಲ್ಲಿ ಬಾಂಬಿಗೆ ಸಿಕ್ಕರು. ಬದುಕಿ ದಡ ಸೇರಿದ ಬ್ರಿಟಿಷ್ ಮತ್ತು ಆಸ್ಟ್ರೇಲಿಯದ ಮಹಿಳೆಯರನ್ನು, ಸುಮಾತ್ರದಲ್ಲೇ ನೆಲೆಸಿದ್ದ ಡಚ್ ಮಹಿಳೆಯರನ್ನು ಮಕ್ಕಳ ಸಮೇತ ಒಟ್ಟಿಗೆ ಕೂಡಿಹಾಕಲಾಯಿತು. ಅವರಲ್ಲಿ ಇಬ್ಬರು ಮಾರ್ಗರೆಟ್ ಡ್ರೈಬರ್ಗ್ ಮತ್ತು ನೋರಾ ಚೇಂಬರ್ಸ್. ಡ್ರೈಬರ್ಗ್ ಐವತ್ತು ದಾಟಿದ ಮಿಷನರಿ ಶಿಕ್ಷಕಿ. ಚೇಂಬರ್ಸ್ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪಿಟೀಲು ಕಲಿತವರು. ಡ್ರೈಬರ್ಗ್ ಬರೆದ ಪ್ರಾರ್ಥನಾಗೀತೆಯೊಂದನ್ನು ಶಿಬಿರದಲ್ಲಿ 1942ರ ಜುಲೈ 5ರಂದೇ ಹಾಡಿದ್ದರು. ಅದಕ್ಕೆ ಸಾಹಿತ್ಯ ಇತ್ತು. 1943ರಲ್ಲಿ ಕೈಗೆತ್ತಿಕೊಂಡ ಕೆಲಸದಲ್ಲಿ ಸಾಹಿತ್ಯವನ್ನೇ ಬಿಟ್ಟರು. ಆರ್ಕೆಸ್ಟ್ರಾಕ್ಕೂ ಪಿಯಾನೊಗೂ ಬರೆದ ಸಂಗೀತವನ್ನು ಬರೀ ಕೊರಳಿನಲ್ಲಿ, ಆ, ಊ, ಲೂ ಎಂಬ ಉಲಿಗಳಲ್ಲಿ, ಇಲ್ಲವೇ ಬಾಯಿ ಮುಚ್ಚಿ ಗುನುಗಿ ಹಾಡುವುದು! ಇಂಗ್ಲಿಷಿನವರಿಗೂ ಡಚ್ಚರಿಗೂ ಭಾಷೆಯ ಗೋಡೆ ಇಲ್ಲ. ಮಲೇರಿಯಾ, ಆಮಶಂಕೆ, ಬೆರಿಬೆರಿಯಿಂದ ಬಳಲಿದವರಿಗೆ ಪದಗಳನ್ನು ಬಾಯಿಪಾಠ ಮಾಡುವ ಹೊರೆಯೂ ಇಲ್ಲ.

ನಾವು ಹೆಚ್ಚು ತಲೆಬಾಗುವುದು ಆ ಸ್ವರಲಿಪಿಯ ಕೈಚಳಕಕ್ಕೆ. ಮೂಲ ಪುಸ್ತಕಗಳಿಲ್ಲದೆ ಇವರಿಬ್ಬರೂ ನೆನಪಿನಿಂದ ಬರೆದದ್ದು ಅದು. ಗಂಡು ಕೊರಳಿಲ್ಲ, ಆದ್ದರಿಂದ ತಳದ ಸ್ವರಗಳನ್ನೆಲ್ಲ ಮೇಲಿನ ಸ್ಥಾಯಿಗೆ ಎತ್ತಬೇಕು. ಎತ್ತಿದಾಗ ಅವು ನಡುವಿನ ಎಳೆಗಳಿಗೆ (ಒಟ್ಟಿಗೆ ಹಾಡುವ ಬೇರೆ ಬೇರೆ ಸ್ವರಸಾಲುಗಳೇ ಎಳೆಗಳು) ಡಿಕ್ಕಿ ಹೊಡೆಯುತ್ತವೆ, ಹಾಗಾಗಿ ಯಾವ ಸ್ವರ ಇರಬೇಕು, ಯಾವುದನ್ನು ಕೈಬಿಡಬಹುದು ಎಂದು ತೀರ್ಮಾನಿಸಬೇಕು. ದೊಡ್ಡವರ ರೇಷ್ಮೆ ಸೀರೆಯನ್ನು ಅಂಚು ಕೆಡದ ಹಾಗೆ ಮಗುವಿನ ಲಂಗಕ್ಕೆ ಕತ್ತರಿಸುವಂಥ ಕೆಲಸ. ಕೊನೆಗೆ ಉಳಿದದ್ದು ನಾಲ್ಕು ಎಳೆ: ಎರಡು ಸೊಪ್ರಾನೊ (ಹೆಣ್ಣು ಕೊರಳಿನ ಮೇಲಿನ ಎಳೆ), ಎರಡು ಆಲ್ಟೊ (ತಳದ ಎಳೆ).

1943ರ ಡಿಸೆಂಬರ್ 27ರಂದು ಮೊದಲ ಕಛೇರಿ. ಹಾಡಿದವರು ಮೂವತ್ತು ಜನ, ಮುಂದೆ ನಿಂತು ನಡೆಸಿದವರು ಚೇಂಬರ್ಸ್. ನಿಂತು ಹಾಡುವಷ್ಟು ಕಸುವಿಲ್ಲದ್ದರಿಂದ ಹಾಡುಗಾರ್ತಿಯರು ಸಣ್ಣ ಮಣೆಗಳ ಮೇಲೆ ಕೂತೇ ಹಾಡಿದರು. ಚೆಕ್ ಸಂಗೀತಕಾರ ಡ್ವೊರ್ಜಾಕ್‌ನ ಒಂಬತ್ತನೇ ಸಿಂಫನಿಯ ಲಾರ್ಗೋ ಎಂಬ ನಿಧಾನಗತಿಯ ಭಾಗ ಆ ದಿನದ ಕೃತಿಗಳಲ್ಲಿ ಒಂದು. ನಿಲ್ಲಿಸಲೆಂದು ಕೂಗುತ್ತ ಬಂದ ಕಾವಲುಗಾರ ಕೇಳುತ್ತ ನಿಂತುಬಿಟ್ಟ. (ಈ ಪ್ರಸಂಗವನ್ನೇ ಎಲ್ಲರೂ ಹೇಳುತ್ತಾರೆ. ಆ ಆಲ್ಟೊ ಎಳೆಗಳ ಬಗ್ಗೆ ಯಾರೂ ಹೇಳುವುದಿಲ್ಲ.)

ನಮ್ಮ ಹಾಡುಗಾರ್ತಿಯರಿಗೆ ಧನ್ಯವಾದ, ಅದರಲ್ಲೂ ಕರ್ನಾಟಕ ಸಂಗೀತ ಕಲಿತು ಬಂದವರಿಗೆ. ‘ಆ’ಕಾರದಲ್ಲಿ, ಪದಗಳಿಲ್ಲದೆ ಹಾಡುವುದು ಅವರಿಗೆ ಹೊಸದಲ್ಲ. ಕಷ್ಟ ಇರುವುದು ಬೇರೆ ಕಡೆ. ಸ್ವರವನ್ನು ಚೂರು ಅಲುಗಿಸಿದರೂ ನಾಲ್ಕು ಎಳೆಗಳ ಹೊಂದಾಣಿಕೆ ಕಲಕಿಹೋಗುತ್ತದೆ, ಆದ್ದರಿಂದ ಗಮಕವನ್ನು ಬಿಟ್ಟು ಸ್ವರವನ್ನು ನೇರ ನಿಲ್ಲಿಸಬೇಕು. ಪಕ್ಕದವರ ರಾಗ ಎಳೆಯುತ್ತಿದ್ದರೂ ತನ್ನ ಎಳೆಯಲ್ಲೇ ಇರಬೇಕು. ಹಿಂದೆ ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಹಾಗಾಗಿ ಶ್ರುತಿ ಇಳಿಯುವುದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲರೂ ಸೇರಿಯೇ ಇಳಿಯುತ್ತಾರೆ. ಅವರೋಹದ ಮೆಟ್ಟಿಲನ್ನು ಅಗಲ ಮಾಡುವುದು ಒಂದು ಕಾರಣ, ಸಾಲಿನ ಕೊನೆಗೆ ಉಸಿರಿನ ಒತ್ತು ಸಡಿಲವಾಗುವುದು ಇನ್ನೊಂದು. ಅರ್ಧ ಸ್ವರ ಇಳಿದರೆ ಮೊದಲು ಸೋಲುವವರು ಎರಡನೇ ಆಲ್ಟೊಗಳು. ಅವರು ಮೊದಲೇ ತಮ್ಮ ಕೊರಳಿನ ತಳದಲ್ಲಿದ್ದಾರೆ, ಅದರ ಕೆಳಗೆ ಜಾಗ ಇಲ್ಲ. ಅಭ್ಯಾಸದಲ್ಲಿ ಪ್ರತಿ ಭಾಗ ಮುಗಿದ ಕೂಡಲೇ ಟ್ಯೂನಿಂಗ್ ಫೋರ್ಕ್ ತಟ್ಟಿ ನೋಡುವುದೊಂದೇ ದಾರಿ.

ಉಸಿರಿನ ಲೆಕ್ಕ ಇನ್ನೊಂದು. ಪಿಟೀಲಿನ ಕಮಾನು ಎಳೆದಷ್ಟು ಉದ್ದದ ನಾದವನ್ನು ಒಬ್ಬಳ ಉಸಿರು ತುಂಬಲಾರದು. ಒಂದೊಂದು ಎಳೆಯಲ್ಲಿ ಕನಿಷ್ಠ ಮೂವರು ಬೇಕು. ಪಕ್ಕದವಳು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬಾರದು. ಸಾಲು ಮುರಿಯುವ ಜಾಗದಲ್ಲಿ ಬೇಡ, ಉದ್ದ ಸ್ವರದ ನಡುವೆ ದನಿ ಸಣ್ಣಗೆ ಮಾಡಿ ಜಾರಿಕೊಂಡು, ಸಣ್ಣಗೇ ಮರಳಿ ಸೇರಬೇಕು. ಮರಳುವಾಗ ‘ಲ’ಕಾರ ಬಂದರೆ ಕೇಳುವವರಿಗೆ ಹೊಲಿಗೆ ಕಂಡುಬಿಡುತ್ತದೆ. ಗುನುಗುವಾಗ ತುಟಿ ಮಾತ್ರ ಮುಚ್ಚಿ, ಹಲ್ಲುಗಳ ನಡುವೆ ಸಂದು ಇರಲಿ. ದವಡೆ ಕಚ್ಚಿದರೆ ನಾದ ಬಿಗಿದುಹೋಗುತ್ತದೆ.

ಸಭಾಂಗಣದ ಸಿಬ್ಬಂದಿಗೆ ವಿಶೇಷ ಧನ್ಯವಾದ. ಗುನುಗುವ ಭಾಗಗಳಲ್ಲಿ ಫ್ಯಾನುಗಳನ್ನು ನಿಲ್ಲಿಸಿಕೊಟ್ಟಿರಿ. ಫ್ಯಾನಿನ ಸದ್ದು ಬಾಯಿ ಮುಚ್ಚಿದ ನಾದವನ್ನು ನುಂಗಿಬಿಡುತ್ತದೆ. ಆ ಸೆಕೆಯನ್ನು ತಡೆದು ಕೂತ ಕೇಳುಗರಿಗೂ ಅಷ್ಟೇ ಋಣಿ.

ಈ ಸಂಗೀತ ನಮ್ಮವರೆಗೆ ಬಂದದ್ದು ಕಾಗದದ ಮೂಲಕ. 1945ರ ಹೊತ್ತಿಗೆ ಹಾಡುಗಾರ್ತಿಯರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡು ವೃಂದ ನಿಂತುಹೋಗಿತ್ತು. ಡ್ರೈಬರ್ಗ್ ಆ ವರ್ಷದ ಏಪ್ರಿಲ್ 21ರಂದು, ಬೆಲಾಲಾವ್‌ನ ರಬ್ಬರ್ ತೋಟದ ಶಿಬಿರಕ್ಕೆ ಸಾಗಿಸಿದ ಮೇಲೆ, ಕಣ್ಣು ಮುಚ್ಚಿದರು. ಚೇಂಬರ್ಸ್ ಬದುಕಿ ಬಂದರು. ವೃಂದದಲ್ಲಿ ಹಾಡಿದ್ದ ಡಚ್ ಹುಡುಗಿ ಆಂಟ್ವಾನೆಟ್ ಕೊಲೈನ್ ತನ್ನ ಕೈಬರಹದ ಸ್ವರಲಿಪಿಯನ್ನು ಕಾಪಾಡಿಟ್ಟು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅದನ್ನು ಮತ್ತೆ ಕೊರಳಿಗೆ ತಂದ ಕ್ಯಾಲಿಫೋರ್ನಿಯದ ಪೆನಿನ್ಸುಲಾ ವಿಮೆನ್ಸ್ ಕೋರಸ್‌ಗೂ ನಮ್ಮ ವಂದನೆ.

ನಾವೂ ಹಾಡಬಹುದೇ ಎಂದು ಕೇಳಿದವರಿಗೆ: ಖಂಡಿತ ಹಾಡಿ. ಲಾರ್ಗೋದಿಂದ ಶುರುಮಾಡಿ, ಆದರೆ ನಿಧಾನಗತಿ ಎಂದರೆ ಸುಲಭ ಅಂದುಕೊಳ್ಳಬೇಡಿ. ನಾಲ್ಕು ಎಳೆಗಳನ್ನು ಬೇರೆ ಬೇರೆ ಕೋಣೆಯಲ್ಲಿ ಗಟ್ಟಿ ಮಾಡಿಕೊಂಡ ಮೇಲೆ ಮೊದಲು ಎರಡು ಆಲ್ಟೊಗಳನ್ನು ಮಾತ್ರ ಸೇರಿಸಿ. ಆ ತಳ ನಿಂತ ಮೇಲೆ ಎರಡನೇ ಸೊಪ್ರಾನೊ. ರಾಗ ಹಾಡುವವರನ್ನು ಕೊನೆಗೆ ಕರೆಯಿರಿ.