ಕಾರು ಓಡಿಸಿದ್ದು ಸೊಸೆ, ಫಾರಂನಲ್ಲಿ ಮಾವನ ಹೆಸರು ಯಾಕೆ?

ಮಾನ್ಯ ಸಂಪಾದಕರೇ,

ಇನ್ಶೂರೆನ್ಸ್ ಅಪ್ಪನ ಹೆಸರಲ್ಲಿದೆ, ಆಕ್ಸಿಡೆಂಟ್ ಆಗಿದ್ದು ಮಗನ ಕೈಯಲ್ಲಿ, ಹಾಗಾಗಿ ದುಡ್ಡು ಬರಲ್ಲ. ಈ ಮಾತನ್ನು ಕೊಡಗಿನಲ್ಲಿ ಓದಿದವರೂ ನಂಬುತ್ತಾರೆ. ನಂಬಿದರೆ ಅಷ್ಟೇನೂ ಬೇಜಾರಿಲ್ಲ, ಅದಕ್ಕೆ ಹೆದರಿ ಕ್ಲೈಮ್ ಫಾರಂನಲ್ಲಿ ಸುಳ್ಳು ಬರೆದುಕೊಡುತ್ತಾರೆ. ಹಾಗೆ ಬರೆಸುವವರೂ ಇದ್ದಾರೆ.

ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಆಗಿದ್ದು ಇದೇ. ಸೊಸೆ ಮಡಿಕೇರಿಯಿಂದ ಸುಳ್ಯದ ಕಡೆ ಹೊರಟಿದ್ದರು. ಸಂಪಾಜೆ ಘಾಟಿಯಲ್ಲಿ ಮಳೆ, ಮಂಜು, ತಿರುವಿನಲ್ಲಿ ಎದುರಿಗೆ ಲಾರಿ. ಜಾಗ ಬಿಡಲು ಹೋಗಿ ಕಾರು ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್ ಹೋಯಿತು. ಆಕೆಗೆ ಡಿಎಲ್ ಇದೆ. ಪಾಲಿಸಿಯೂ ಫುಲ್ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯ ಡ್ಯಾಮೇಜಿಗೂ ದುಡ್ಡು ಕೊಡುವಂಥದ್ದು. ಆದರೆ ಆರ್‌ಸಿ, ಪಾಲಿಸಿ ಎರಡೂ ಮಾವನ ಹೆಸರಲ್ಲಿ. "ಸುಮ್ನೆ ತಲೆನೋವು ಯಾಕೆ, ಮಾವನೇ ಓಡಿಸ್ತಿದ್ರು ಅಂತ ಬರೀರಿ" ಅಂದರು ಯಾರೋ ತಿಳಿದವರು. ಬರೆದೂಬಿಟ್ಟರು.

ನಷ್ಟ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್ ಗ್ಯಾರೇಜಿಗೆ ಬಂದವರು ಮೊದಲು ನೋಡಿದ್ದು ಡ್ರೈವರ್ ಸೀಟನ್ನು. ಸೀಟು ಪೂರ್ತಿ ಮುಂದಕ್ಕೆ ಎಳೆದಿತ್ತು, ಮೇಲೊಂದು ದಪ್ಪ ಕುಶನ್ ಬೇರೆ. ಆರಡಿ ಎತ್ತರದ ಮಾವನಿಗೆ "ಸ್ವಲ್ಪ ಕೂತು ತೋರಿಸಿ ಸರ್" ಅಂದರಂತೆ. ಮೊಣಕಾಲು ಸ್ಟೀರಿಂಗ್ ಕೆಳಗೆ ಸಿಕ್ಕಿಕೊಂಡು, ಪಾಪ, ಇಳಿಯೋದಕ್ಕೂ ಕಷ್ಟವಾಯಿತು. ಕ್ಲೈಮ್ ರಿಜೆಕ್ಟ್. ನಿಜ ಬರೆದಿದ್ದರೆ ಬರುತ್ತಿದ್ದ ದುಡ್ಡು ಅದು.

ನಮ್ಮ ದೇಶದಲ್ಲಿ ಖಾಸಗಿ ಕಾರಿನ ಇನ್ಶೂರೆನ್ಸ್ ಇರುವುದು ಗಾಡಿಗೆ. ಮನೆಯಲ್ಲಿ ಯಾರ್ಯಾರು ಓಡಿಸುತ್ತಾರೆ ಎಂದು ಪಟ್ಟಿ ಕೊಡುವ ಕ್ರಮ ಇಲ್ಲಿಲ್ಲ. ಪಾಲಿಸಿ ಕಾಗದದಲ್ಲಿ 'ಡ್ರೈವರ್ಸ್ ಕ್ಲಾಜ್' (ಯಾರು ಓಡಿಸಬಹುದು ಎನ್ನುವ ಷರತ್ತು) ಎಂದು ಒಂದು ಸಾಲಿರುತ್ತದೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಪಾಲಿಸಿದಾರರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಅಪಘಾತದ ಹೊತ್ತಿಗೆ ಅವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಲೈಸೆನ್ಸ್ ಪಡೆಯಲು ಅವರು ಅನರ್ಹರಾಗಿರಬಾರದು ಎನ್ನುವುದು ಅದರ ಅರ್ಥ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇದ್ದವರೂ ಓಡಿಸಬಹುದು, ಎಲ್ ಬೋರ್ಡ್ ಹಾಕಿರಬೇಕು, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಕುಡಿದು ಓಡಿಸಿದ್ದರೆ ಮಾತ್ರ ಡ್ಯಾಮೇಜ್ ದುಡ್ಡು ಮರೆತುಬಿಡಿ, ಓಡಿಸಿದವರು ಯಾರೇ ಆಗಿರಲಿ.

ಮತ್ತೆ ಈ ಪಟ್ಟಿಯ ಭಯ ಎಲ್ಲಿಂದ ಬಂತು? ನನ್ನ ಗುಮಾನಿ, ಹೊರದೇಶದಲ್ಲಿರುವ ನಮ್ಮ ಮಕ್ಕಳಿಂದ. ಅಮೆರಿಕದಲ್ಲಿ ಮನೆಯಲ್ಲಿರುವ ಡ್ರೈವರ್‌ಗಳ ಹೆಸರೆಲ್ಲ ಕಂಪನಿಗೆ ಹೇಳಬೇಕು, ಬಚ್ಚಿಟ್ಟರೆ ಕ್ಲೈಮ್‌ಗೆ ಕುತ್ತು. ಅದು ಅಲ್ಲಿಯ ಲೆಕ್ಕ. ಅದೇ ಮಕ್ಕಳು ಹುತ್ತರಿಗೆ ಊರಿಗೆ ಬಂದು ಅಪ್ಪನ ಕಾರು ತೆಗೆಯುವಾಗ ಇಲ್ಲಿಯ ಲೆಕ್ಕ ನೋಡುವುದಿಲ್ಲ. ಬರೀ ಅಲ್ಲಿಯ ಲೈಸೆನ್ಸ್ ಸಾಲದು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಲ್ಲಿಂದಲೇ ಮಾಡಿಸಿಕೊಂಡು ಬರಬೇಕು.

ಇನ್ನು ತೋಟದ ರಸ್ತೆಯಲ್ಲಿ ಜೀಪು ಓಡಿಸಿ ಕಲಿತ ಹದಿನಾರರ ಹುಡುಗರು. ಗೋಣಿಕೊಪ್ಪದ ಪೇಟೆಗೇ ಬರುತ್ತಾರೆ! ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಇದಕ್ಕೆ ತಂದೆ ತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇಷ್ಟೆಲ್ಲ ಕಾರಿನ ಮಾತು. ಓಡಿಸುವವರಿಗೇ ಏನಾದರೂ ಆದರೆ? ನಿಜವಾದ ತೂತು ಇರುವುದು ಇಲ್ಲಿ, ಇದನ್ನು ಯಾವ ಏಜೆಂಟೂ ಬಾಯಿಬಿಟ್ಟು ಹೇಳುವುದಿಲ್ಲ. ಪಾಲಿಸಿ ಜೊತೆ ಕಡ್ಡಾಯ ಎಂದು ಕೊಡುವ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಮಾಲೀಕರಿಗೆ ಮಾತ್ರ, ಅದೂ ಅವರಿಗೆ ಲೈಸೆನ್ಸ್ ಇದ್ದರೆ. ಮಗನಿಗಿಲ್ಲ, ಸೊಸೆಗಿಲ್ಲ. ಗಾಡಿಯಿಂದ ಪೆಟ್ಟಾದ ಹೊರಗಿನವರು, ಅಂದರೆ ಥರ್ಡ್ ಪಾರ್ಟಿ, ಎಂದು ಪರಿಹಾರ ಕೇಳೋಣ ಅಂದರೆ, ಬೇರೆಯವರ ಗಾಡಿ ತೆಗೆದುಕೊಂಡು ಹೋದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಥರ್ಡ್ ಪಾರ್ಟಿ ಅಲ್ಲ ಎಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮ್ಮ ರಾಜ್ಯದ ಇಳಕಲ್ ಕಡೆಯ ಬೈಕ್ ಪ್ರಕರಣ. 2025ರ ಜುಲೈನಲ್ಲಿ ಅರಸೀಕೆರೆ ಕಡೆಯ ಇನ್ನೊಂದು ಪ್ರಕರಣದಲ್ಲಿ, ತನ್ನದೇ ಅಜಾಗರೂಕತೆಯಿಂದ ಕಾರು ಓಡಿಸಿ ಸತ್ತವನ ಮನೆಯವರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ ಒಪ್ಪಿತು.

ಹೆಸರು ಬರೆಸಬೇಕಾದ ಜಾಗ ಇದು ನೋಡಿ. ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿ, ಕಾರು ಓಡಿಸುವ ಮನೆಯವರ ಹೆಸರಲ್ಲಿ ಪರ್ಸನಲ್ ಆಕ್ಸಿಡೆಂಟ್ ಕವರ್ ಸೇರಿಸಬಹುದು. ಇಲ್ಲವಾದರೆ ಅವರಿಗೇ ಬೇರೆ ಅಪಘಾತ ಪಾಲಿಸಿ ಮಾಡಿಸಬಹುದು. ಕಾರಿನಲ್ಲಿ ಕೂತವರ ವಿಷಯವೂ ಹೀಗೇ. ಫುಲ್ ಇನ್ಶೂರೆನ್ಸ್ ಆದರೆ ಅವರಿಗೆ ಪರಿಹಾರ ಕೇಳಲು ದಾರಿ ಇದೆ, ಬರೀ ಥರ್ಡ್ ಪಾರ್ಟಿ ಪಾಲಿಸಿ ಆದರೆ ಕಷ್ಟ. ಮದುವೆ ಸೀಸನ್‌ನಲ್ಲಿ ಹಳೆ ಕಾರಿಗೆ ಏಳು ಜನ ತುಂಬಿಕೊಂಡು ಹೋಗುವವರು ಇದನ್ನಾದರೂ ನೋಡಿಕೊಳ್ಳಲಿ.

ನಮ್ಮ ಕಡೆ ಇನ್ನೊಂದು ರೋಗ ಇದೆ. ಅಜ್ಜ ತೀರಿಕೊಂಡು ವರ್ಷವಾದರೂ ಕಾರು ಅಜ್ಜನ ಹೆಸರಲ್ಲೇ. ತೋಟದ ಜಮ್ಮ ಖಾತೆಯಷ್ಟು (ಕೊಡಗಿನ ಹಳೇ ಜಮೀನು ಹಕ್ಕು) ಗೋಜಲಿನ ಕೆಲಸವೇನೂ ಅಲ್ಲ ಇದು, ಆದರೂ ಯಾರೂ ಆರ್‌ಟಿಒ ಕಡೆ ತಲೆ ಹಾಕುವುದಿಲ್ಲ. ಪಾಲಿಸಿದಾರ ತೀರಿಕೊಂಡ ಮೇಲೆ ಪಾಲಿಸಿ ಉಳಿಯುವುದು ಮೂರು ತಿಂಗಳು, ಅದಕ್ಕೂ ಮೊದಲೇ ಅವಧಿ ಮುಗಿದರೆ ಅಲ್ಲಿಯವರೆಗೆ ಮಾತ್ರ. ಅಷ್ಟರೊಳಗೆ ವಾರಸುದಾರರು ಹೆಸರು ಬದಲಾಯಿಸಿಕೊಳ್ಳಬೇಕು.

ಸಣ್ಣಪುಟ್ಟ ಗೀರಿಗೆ ಕ್ಲೈಮ್ ಮಾಡುವ ಮುಂಚೆ ಒಮ್ಮೆ ಲೆಕ್ಕ ಹಾಕಿ. ಗುದ್ದಿದ್ದು ಮಗನಾದರೂ ಹೋಗುವುದು ಅಪ್ಪನ ನೋ ಕ್ಲೈಮ್ ಬೋನಸ್. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಶೇ. 50ರವರೆಗೂ ಬೆಳೆದಿರಬಹುದು.

ಇನ್ಶೂರೆನ್ಸ್ ಕಂಪನಿಗಳಿಗೆ ನನ್ನದು ಒಂದೇ ಕೇಳಿಕೆ. ಆ ಡ್ರೈವರ್ಸ್ ಕ್ಲಾಜನ್ನು, ಪರ್ಸನಲ್ ಆಕ್ಸಿಡೆಂಟ್ ಕವರ್ ಯಾರಿಗೆ ಉಂಟು ಯಾರಿಗಿಲ್ಲ ಎನ್ನುವುದನ್ನು ಪಾಲಿಸಿಯ ಮೊದಲ ಪುಟದಲ್ಲೇ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿ. ರಿನ್ಯೂವಲ್‌ಗೆ ದಿನಕ್ಕೆ ಮೂರು ಮೆಸೇಜು ಕಳಿಸುವವರಿಗೆ ಇದು ದೊಡ್ಡ ಕೆಲಸವೇನಲ್ಲ. ಮತ್ತೆ ನಿಜ ಬರೆದ ಮೇಲೂ "ಓಡಿಸಿದವರ ಹೆಸರು ಪಾಲಿಸಿಯಲ್ಲಿಲ್ಲ" ಎಂದು ಯಾರಾದರೂ ಕ್ಲೈಮ್ ತಳ್ಳಿಹಾಕಿದರೆ ಅದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿ ಇದೆ, ಮಡಿಕೇರಿಯಲ್ಲೇ ಗ್ರಾಹಕರ ಆಯೋಗವೂ ಇದೆ.

– ಒಬ್ಬ ಓದುಗ, ಗೋಣಿಕೊಪ್ಪ