ಹೀಟರ್ ಇರೋದು ಚಳಿಗಲ್ಲ, ಗ್ಲಾಸಿಗೆ

ಸಂಪಾದಕರಿಗೆ ನಮಸ್ಕಾರ,

ಡಿಸೆಂಬರ್ ಬಂತು ಅಂದ್ರೆ ಸಾಕು, ಮಂಜಿನಲ್ಲಿ ಹುಷಾರಾಗಿ ಗಾಡಿ ಓಡಿಸಿ, ಲೈಟ್ ಹಾಕ್ಕೊಳ್ಳಿ, ಸ್ಪೀಡ್ ಕಮ್ಮಿ ಮಾಡಿ ಅಂತ ಎಲ್ಲಾ ಪೇಪರಲ್ಲೂ ಬರುತ್ತೆ, ನಿಮ್ಮದರಲ್ಲೂ ಬರುತ್ತೆ. ಹೊರಗಿನ ಮಂಜಿನ ಬಗ್ಗೆ ಎಲ್ರೂ ಹೇಳ್ತಾರೆ, ಕಾರೊಳಗೆ ಗ್ಲಾಸ್ ಮೇಲೆ ಕೂರೋ ಮಂಜಿನ ಬಗ್ಗೆ ಯಾರೂ ಹೇಳಲ್ಲ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಹಾಕಿ, ಗ್ಯಾರೇಜಲ್ಲಿ ಕಿತ್ತು ಬಿಸಾಕೋ ವಾಲ್ವ್ ವಿಷಯ ಮಾತ್ರ ಬಿಡಬೇಡಿ.

ನಂದು 2003ನೇ ಮಾಡಲ್ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಹೆಸರು ಬೇಡ, ಕಂಪನಿದೇನೂ ತಪ್ಪಿಲ್ಲ. ಹೋದ ಜನವರಿಲಿ ತಂಗಿ ಊರು ನರಸಿಂಹರಾಜಪುರಕ್ಕೆ ಅಂತ ದಾವಣಗೆರೆಯಿಂದ ಬೆಳಗಿನ ಜಾವ ನಾಲ್ಕೂವರೆಗೆ ಹೊರಟ್ವಿ, ನಾನು, ನನ್ನ ಹೆಂಡ್ತಿ, ಹಿಂದೆ ಅವ್ವ ಮತ್ತೆ ಮಗ. ಹರಿಹರದ ತನಕ ಏನೂ ಗೊತ್ತಾಗ್ಲಿಲ್ಲ. ಮಲೇಬೆನ್ನೂರು ಕಡೆ ಭದ್ರಾ ನಾಲೆ ಗದ್ದೆ ಶುರುವಾದ್ವು ನೋಡಿ, ಆ ತಂಡಿ ಬೇರೆನೇ. ನಾಲ್ಕು ಜನದ ಉಸಿರು, ಕಿಟಕಿ ಎಲ್ಲಾ ಬಂದ್, ಮುಂದಿನ ಗ್ಲಾಸ್ ಒಳಗಡೆಯಿಂದ ಹಾಲು ಹುಯ್ದಂಗೆ ಬೆಳ್ಳಗಾಗೋಯ್ತು. ಹೀಟರ್ ಲಿವರನ್ನ ಕೆಂಪು ಗುರುತಿನ ಕಡೆ ಪೂರ್ತಿ ಎಳೆದೆ, ಬ್ಲೋಯರ್ ಫುಲ್ ಕೊಟ್ಟೆ, ಬಂದಿದ್ದು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತ್ರೆ ಬೀಸುತ್ತಲ್ಲ ಅಂಥಾ ತಣ್ಣನೆ ಗಾಳಿ. ನನ್ನ ಹೆಂಡ್ತಿ ನಿಮ್ಮ ಪೇಪರ್ ಮಡಚಿ ಗ್ಲಾಸ್ ಒರೆಸ್ತಾ ಬಂದ್ಳು, ಒರೆಸಿದ ಅರ್ಧ ನಿಮಿಷಕ್ಕೆ ಮತ್ತೆ ಹಂಗೇ. ಹೊನ್ನಾಳಿಲಿ ತುಂಗಭದ್ರಾ ಹೊಳೆ ದಾಟೋವಾಗ ಎದುರಿಗೆ ಬಂದ ಕಬ್ಬಿನ ಟ್ರಾಕ್ಟರ್ ಟ್ರೈಲರ್ ಕಣ್ಣಿಗೆ ಬಿದ್ದಿದ್ದು ಪಕ್ಕಕ್ಕೆ ಬಂದ ಮೇಲೇನೆ. ಅವತ್ತು ಏನೂ ಆಗ್ಲಿಲ್ಲ ಅನ್ನೋದು ನಮ್ಮ ಪುಣ್ಯ ಅಷ್ಟೇ.

ಇಷ್ಟು ದೂರ ಬಂದ್ರೂ ಇಂಜಿನ್ ಟೆಂಪರೇಚರ್ ಮುಳ್ಳು ಎದ್ದಿರಲೇ ಇಲ್ಲ, ಸಿ (ಕೋಲ್ಡ್) ಅಕ್ಷರದ ಹತ್ರ ಮಲಗಿತ್ತು. ಆಗ ನಾನದನ್ನ ಒಳ್ಳೇದು ಅಂತಾನೇ ತಿಳ್ಕೊಂಡಿದ್ದೆ, ಇಂಜಿನ್ ಎಷ್ಟು ಕೂಲ್ ಐತೆ ಅಂತ. ಅಲ್ಲೇ ತಪ್ಪಿದ್ದು.

ಇಂಥ ಹಳೇ ಕಾರುಗಳ ಹೀಟರ್‌ಗೆ ಕರೆಂಟಿನ ಕಾಯಿಲ್ ಏನೂ ಇರಲ್ಲ. ಇಂಜಿನ್ ಸುತ್ತ ಓಡಾಡೋ ಬಿಸಿ ನೀರಲ್ಲಿ ಸ್ವಲ್ಪ ಎರಡು ಹೋಸ್ ಪೈಪಲ್ಲಿ ಡ್ಯಾಶ್‌ಬೋರ್ಡ್ ಒಳಗೆ ಬಂದು ಹೋಗುತ್ತೆ, ಅಲ್ಲಿ ಅಂಗೈ ಎರಡು ಸೇರಿಸಿದಷ್ಟು ಒಂದು ಪುಟ್ಟ ರೇಡಿಯೇಟರ್ ಇರುತ್ತೆ, ಬ್ಲೋಯರ್ ಅದರ ಮೂಲಕ ಗಾಳಿ ಊದುತ್ತೆ. ಅಂದ್ರೆ ಇಂಜಿನ್ ನೀರು ಕಾಯದೇ ಇದ್ರೆ ಹೀಟರ್ ಏನು ಮಾಡುತ್ತೆ ಪಾಪ. ನೀರು ಬೇಗ ಕಾಯ್ಲಿ ಅಂತಾನೇ ಥರ್ಮೋಸ್ಟಾಟ್ ವಾಲ್ವ್ ಇಟ್ಟಿರ್ತಾರೆ, ಒಳಗೆ ಮೇಣ ಇರುತ್ತೆ, 82 ಡಿಗ್ರಿನೋ 88 ಡಿಗ್ರಿನೋ ಗಾಡಿ ಮೇಲೆ ಹೋಗುತ್ತೆ, ಅಷ್ಟು ಕಾದಾಗ ಮೇಣ ಕರಗಿ ಉಬ್ಬಿ ಬಾಯಿ ಬಿಡುತ್ತೆ, ಅಲ್ಲೀ ತನಕ ನೀರನ್ನ ತಣ್ಣಗೆ ಮಾಡೋ ಮುಂದಿನ ದೊಡ್ಡ ರೇಡಿಯೇಟರ್‌ಗೆ ಬಿಡಲ್ಲ.

ಈಗ ನಮ್ಮ ಕಡೆ ಗ್ಯಾರೇಜಿನ ಕಥೆ. ಯಾವ ಗ್ಯಾರೇಜು ಅಂತ ಹೇಳಲ್ಲ, ಒಬ್ರ ತಪ್ಪಲ್ಲ ಇದು, ದಾವಣಗೆರೆ ಚಿತ್ರದುರ್ಗ ಎರಡೂ ಕಡೆ ನೋಡಿದೀನಿ. ಬೇಸಿಗೆಲಿ ಗಾಡಿ ಒಂದ್ಸಲ ಹೀಟಾಯ್ತು ಅಂತ ಹೋದ್ರೆ ಮೇಸ್ತ್ರಿ ಮೊದಲು ಮಾಡೋ ಕೆಲ್ಸಾನೇ ಆ ವಾಲ್ವ್ ಕಿತ್ತು ಬಿಸಾಕೋದು. "ನಮ್ಮೂರ ಬಿಸಿಲಿಗೆ ಇದ್ಯಾಕಣ್ಣ, ಇದೆಲ್ಲಾ ಫಾರಿನ್ನೋರಿಗೆ" ಅಂತ. ಮೇಲಿಂದ ರೇಡಿಯೇಟರ್ ಫ್ಯಾನ್ ಡೈರೆಕ್ಟ್ ಕೊಟ್ಟುಬಿಡ್ತಾರೆ, ಕೀ ಆನ್ ಮಾಡಿದ್ರೆ ಫ್ಯಾನ್ ತಿರುಗ್ತಾನೇ ಇರುತ್ತೆ. ನನ್ನ ಗಾಡಿಗೆ ಎರಡೂ ಆಗಿತ್ತು, ಹಳೇ ಓನರ್ ಕಾಲದಲ್ಲಿ. ರಿಪೇರಿಗೆ ಹೋದಾಗ ಗ್ಯಾರೇಜಿನ ಕಿಟಕಿಲಿ ಒಂದು ತಗಡಿನ ಡಬ್ಬ ಇತ್ತು, ಕೈ ಹಾಕಿದ್ರೆ ಬರೀ ಕಿತ್ತ ವಾಲ್ವ್‌ಗಳು, ಮೂವತ್ತು ನಲವತ್ತು ಇರಬಹುದು. ಒಂದನ್ನ ಕೇಳಿ ಮನೆಗೆ ತಂದೆ, ದಾರ ಕಟ್ಟಿ ಪಾತ್ರೆ ನೀರಲ್ಲಿ ಇಳಿಬಿಟ್ಟು ಗ್ಯಾಸ್ ಮೇಲಿಟ್ಟೆ (ಹಾಲು ಕಾಯಿಸೋ ಪಾತ್ರೆ, ಅದಕ್ಕೆ ಬೈಸಿಕೊಂಡಿದ್ದೂ ಆಯ್ತು). ನೀರು ಕುದಿ ಬರೋಕೆ ಮುಂಚೆನೇ ನಿಧಾನಕ್ಕೆ ಬಾಯಿ ಬಿಡ್ತು, ಆರಿಸಿದ ಮೇಲೆ ಹಂಗೇ ಮುಚ್ಕೊಂಡ್ತು. ಏನೂ ಕೆಟ್ಟಿರಲೇ ಇಲ್ಲ ಅದು! ಸುಮ್ನೆ ಕಿತ್ತಿದ್ದು. ವಾಲ್ವ್ ಇಲ್ದಿದ್ರೆ ಹೀಟರ್ ಒಂದೇ ಅಲ್ಲ, ಇಂಜಿನ್ ಸರಿಯಾಗಿ ಕಾಯಲ್ಲ, ಇಂಜೆಕ್ಷನ್ ಗಾಡಿ ಆದ್ರೆ ಕಂಪ್ಯೂಟರ್ ಇನ್ನೂ ಇಂಜಿನ್ ತಣ್ಣಗೈತೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ. ಗಾಡಿ ಹೀಟಾಗೋಕೆ ನಿಜವಾದ ಕಾರಣ ರೇಡಿಯೇಟರ್ ಕಟ್ಟಿರೋದು, ಮುಚ್ಚಳದ ರಬ್ಬರ್ ಹೋಗಿರೋದು, ಎಲ್ಲೋ ಲೀಕು, ಅದು ಹಂಗೇ ಉಳಿಯುತ್ತೆ.

ಹೊಸ ವಾಲ್ವ್ ಹಾಕಿಸಿದೆ, ಐನೂರು ರೂಪಾಯಿ ಒಳಗೇ ಆಯ್ತು. ಫ್ಯಾನ್‌ಗೆ ಸ್ವಿಚ್ ವಾಪಸ್ ಬಂತು. ಮುಳ್ಳು ಅರ್ಧಕ್ಕೆ ಬಂದು ನಿಲ್ತು. ಆದ್ರೂ ಗಾಳಿ ಉಗುರು ಬೆಚ್ಚಗೆ ಅಷ್ಟೇ.

ಆಗ ನಮ್ಮ ಪಕ್ಕದ ಮನೆ ಹುಡುಗ, ಐಟಿಐ ಓದಿದೋನು, ಒಂದು ಉಪಾಯ ಹೇಳ್ಕೊಟ್ಟ. ಇಂಜಿನ್ ಚೆನ್ನಾಗಿ ಕಾದ ಮೇಲೆ ಹೀಟರ್‌ಗೆ ಹೋಗೋ ಎರಡೂ ಹೋಸ್ ಪೈಪನ್ನ ಫ್ಯಾನು ಬೆಲ್ಟಿಗೆ ಕೈ ತಾಗದಂಗೆ ಮುಟ್ಟಿ ನೋಡಿ ಅಂಕಲ್ ಅಂದ. ಎರಡೂ ಸುಡ್ತಾ ಇದ್ರೆ ನೀರು ಸರಿಯಾಗಿ ಹೋಗ್ತಾ ಐತೆ, ತೊಂದ್ರೆ ಡ್ಯಾಶ್‌ಬೋರ್ಡ್ ಒಳಗಿನ ಕೇಬಲ್ಲೋ ಗಾಳಿ ತಿರುಗಿಸೋ ಬಾಗಿಲೋ ಇರಬೇಕು. ಎರಡೂ ಬೆಚ್ಚಗೆ ಅಷ್ಟೇ ಇದ್ರೆ ವಾಲ್ವ್, ಇಲ್ಲ ಇಂಜಿನ್ ನೀರು ಕಮ್ಮಿ ಆಗಿರುತ್ತೆ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ರೆ ಒಳಗೆ ಕಟ್ಟಿಕೊಂಡಿದೆ, ಅಥವಾ ಹೀಟರ್‌ಗೆ ನೀರು ಬಿಡೋ ಕಾಕ್ (ನಲ್ಲಿ) ತೆರೀತಾ ಇಲ್ಲ. ನಂದು ಒಂದು ಸುಡ್ತಿತ್ತು, ಒಂದು ತಣ್ಣಗಿತ್ತು, ಕಾಕ್ ಸರಿ ಇತ್ತು.

ಕಟ್ಟದೇ ಏನು ಮಾಡುತ್ತೆ ಹೇಳಿ. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ನಿಮಗೆ ಗೊತ್ತಲ್ಲ, ಬಚ್ಚಲ ಹಂಡೆ ಒಳಗೆ ಬಿಳಿ ಪದರ ಕೂತು ಹೊರಗೆ ಬರೀ ಮಸಿ, ಗೀಸರ್ ಕಾಯಿಲ್ ಎರಡು ವರ್ಷಕ್ಕೆ ಸುಣ್ಣದ ಕಡ್ಡಿ. ಅದೇ ನೀರನ್ನ ಪೆಟ್ರೋಲ್ ಬಂಕಲ್ಲಿ ನಲ್ಲಿಯಿಂದ ಹಿಡಿದು ರೇಡಿಯೇಟರ್‌ಗೆ ಹುಯ್ತೀವಿ, ವರ್ಷಗಟ್ಟಲೆ. ಹೀಟರ್ ಒಳಗಿನ ನಾಳಗಳು ಎಷ್ಟು ಸಣ್ಣ ಅಂದ್ರೆ ಮೊದಲು ಕಟ್ಟೋದೇ ಅವು. ಇಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಹೋಸ್ ಬಿಚ್ಚಿ, ನೀರು ಹೊರಗೆ ಬರೋ ಕಡೆಯಿಂದ ಗಾರ್ಡನ್ ಪೈಪ್ ಹಿಡಿದು ಉಲ್ಟಾ ನೀರು ಬಿಟ್ವಿ, ಮೆಲ್ಲಗೆ, ಯಾಕಂದ್ರೆ ಹಳೇದು ಜೋರಾಗಿ ಬಿಟ್ರೆ ಒಡೆದು ಕಾರೊಳಗೆ ಸುರಿಯುತ್ತೆ. ಮೊದಲು ಕಾಫಿ ಡಿಕಾಕ್ಷನ್ ಬಣ್ಣದ ನೀರು, ಆಮೇಲೆ ಬಿಳಿ ಚಕ್ಕೆ ಚಕ್ಕೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿದಂಗೆ, ಹತ್ತು ಹದಿನೈದು ನಿಮಿಷ ಬರ್ತಾನೇ ಇತ್ತು. ಕೊನೆಗೆ ತಿಳಿ ನೀರು ಬಂತು. ಆಮೇಲೆ ಕೂಲೆಂಟ್ (ಇಂಜಿನ್ ನೀರಿಗೆ ಬೆರೆಸೋ ದ್ರವ) ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ ಸೇರಿಸಿ ತುಂಬಿದ್ವಿ. ತುಂಬಿದ ಮೇಲೆ ಮೂತಿ ಮೇಲಾಗೋ ಹಂಗೆ ಏರಲ್ಲಿ ನಿಲ್ಲಿಸಿ, ಹೀಟರ್ ಲಿವರ್ ಬಿಸಿ ಕಡೆ ಇಟ್ಟು, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲೋ ತನಕ ಬಿಟ್ವಿ. ಒಳಗೆ ಗಾಳಿ ಸೇರಿಕೊಂಡ್ರೆ ಎಷ್ಟೇ ಖರ್ಚು ಮಾಡಿದ್ರೂ ಹೀಟರ್ ಬರಲ್ಲ. ಕಾದ ಇಂಜಿನ್ ಮುಚ್ಚಳಕ್ಕೆ ಮಾತ್ರ ಯಾರೂ ಕೈ ಹಾಕಬೇಡಿ, ಮುಖ ಬೆಂದು ಹೋಗುತ್ತೆ.

ಇನ್ನೊಂದು, ಇದಕ್ಕೆ ದುಡ್ಡೇ ಬೇಡ. ಗ್ಲಾಸ್ ಮಂಜಾದ್ರೆ ಹೀಟರ್ ಜೊತೆಗೆ ಎಸಿನೂ ಆನ್ ಮಾಡಬೇಕು. ಚಳಿಲಿ ಎಸಿನಾ ಅಂತ ನಗ್ತಾರೆ, ಆದ್ರೆ ಎಸಿ ಗಾಳಿಲಿರೋ ತೇವ ಹೀರುತ್ತೆ, ಹೀಟರ್ ಅದನ್ನ ಬಿಸಿ ಮಾಡುತ್ತೆ, ಒಣ ಬಿಸಿ ಗಾಳಿ ಬಡಿದ್ರೆ ಗ್ಲಾಸ್ ಬೇಗ ತಿಳಿಯಾಗುತ್ತೆ. ಒಳಗಿನ ಗಾಳಿನೇ ಸುತ್ತೋ ಲಿವರ್ ಇರುತ್ತಲ್ಲ, ಅದನ್ನ ಹೊರಗಿನ ಗಾಳಿ ಕಡೆ ಇಡಬೇಕು, ಇಲ್ಲಾಂದ್ರೆ ನಮ್ಮ ಉಸಿರೇ ಮತ್ತೆ ಮತ್ತೆ ಗ್ಲಾಸಿಗೆ. ಡ್ರೈವಿಂಗ್ ಸ್ಕೂಲ್‌ನವರು ಎಂಟು ಹಾಕೋದು ರಿವರ್ಸ್ ತಗೊಳ್ಳೋದು ಹೇಳ್ಕೊಡ್ತಾರೆ, ಈ ಎರಡು ಲಿವರ್ ಯಾಕೆ ಅಂತ ಹೇಳ್ಕೊಡೋಕೆ ಐದು ನಿಮಿಷ ಸಾಕು. ಗ್ಯಾರೇಜ್ ಮೇಸ್ತ್ರಿಗಳಿಗೆ ನನ್ನ ವಿನಂತಿ ಒಂದೇ, ವಾಲ್ವ್ ಕೀಳೋ ಮುಂಚೆ ಗಾಡಿ ಓನರ್‌ನ ಒಂದು ಮಾತು ಕೇಳಿ. ನಮ್ಮೂರಲ್ಲಿ ಬಿಸಿಲೇ ಇರಬಹುದು, ಗಾಡಿ ನಮ್ಮೂರಲ್ಲೇ ಇರಲ್ಲ, ಎರಡು ಗಂಟೆ ಓಡಿದ್ರೆ ಮಲೆನಾಡು.

ಈ ಸಲ ಅದೇ ದಾರಿಲಿ ಅದೇ ಹೊತ್ತಿಗೆ ಹೋಗಿ ಬಂದ್ವಿ, ಹರಿಹರ ದಾಟೋಷ್ಟರಲ್ಲಿ ಬಿಸಿ ಗಾಳಿ ಶುರು, ಉಂಬ್ಳೆಬೈಲು ಕಾಡಲ್ಲೂ ಗ್ಲಾಸ್ ತಿಳಿಯಾಗೇ ಇತ್ತು. ಹಿಂದಿನ ಸೀಟಿಗೆ ಮಾತ್ರ ಈ ಗಾಡಿಲಿ ಗಾಳಿ ಹೋಗೋ ದಾರಿನೇ ಇಲ್ಲ, ಅದಕ್ಕೆ ಏನೂ ಮಾಡೋಕಾಗಲ್ಲ. ಈಗ ಅವ್ವ ಮುಂದಿನ ಸೀಟಲ್ಲಿ ಕೂರ್ತಾಳೆ, ನನ್ನ ಹೆಂಡ್ತಿ ಹಿಂದೆ, ಚಳ್ಳಕೆರೆ ಕಂಬಳಿ ಅವಳಿಗೆ.

ಇಂತಿ ನಿಮ್ಮ ಓದುಗ,
ದಾವಣಗೆರೆ